ನಾದಿನಿಯ ಪ್ರಿಂಟರಿಗಿಂತ ಅಗಲವಾದದ್ದು

ತೀರಿಹೋದ ಮಾವನವರ ವರ್ಷದ ಪೂಜೆಗೆ ನಾದಿನಿ ಗೌರಿ ನರಗುಂದದಿಂದ ಬಂದಾಗ ಅವಳ ಕೈಯಲ್ಲಿ ಬಟ್ಟೆ ಸುತ್ತಿದ ದೊಡ್ಡ ಫ್ರೇಮ್ ಇತ್ತು.

ಬಿಚ್ಚಿದಳು. ಮಗ್ಗದ ಮುಂದೆ ಕೂತ ಮಾವನವರು. ಕೈಯಲ್ಲಿ ಲಾಳಿ, ಮುಖದಲ್ಲಿ ಅರ್ಧ ನಗು...

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡ್ರವ್ವಾ, ನನ್ನ ಮಗಳು ಎಷ್ಟ ದೊಡ್ಡದ ಮಾಡ್ಯಾಳ! ಎದ್ದು ಬಂದು ಮಾತಾಡ್ತಾರೇನೋ ಅನಸ್ತೈತಿ." ಬಂದವರೆಲ್ಲ ಗೌರಿಯನ್ನು ಹೊಗಳಿದ್ದೇ ಹೊಗಳಿದ್ದು.

ಆ ಫೋಟೋ ತೆಗೆದವಳು ನಾನು. ಒಬ್ಬರ ಬಾಯಲ್ಲೂ ಆ ಮಾತು ಬರಲಿಲ್ಲ.

ಗಜೇಂದ್ರಗಡದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಗೌರಿಗೆ ಅವಳ ಮದುವೆಗೆ ಮುಂಚೆ ಕ್ಯಾಮೆರಾ ಹಿಡಿಯಲು ಕಲಿಸಿದ್ದೂ ಅಲ್ಲೇ, ನಾನೇ. ಮಾವನವರ ಆ ಫೋಟೋ ಇದ್ದ ಸಿಡಿಯನ್ನು ಅವಳು ನನ್ನಿಂದ ಕೇಳಿ ಒಯ್ದಿದ್ದಳು, ಯಾಕೆಂದು ಹೇಳಿರಲಿಲ್ಲ.

ಇದು ಎರಡು ಸಾವಿರದ ಏಳೋ ಎಂಟೋ ಇಸವಿಯ ಮಾತು. ಆಗ ದೊಡ್ಡ ಪ್ರಿಂಟ್ ಬೇಕೆಂದರೆ ಹುಬ್ಬಳ್ಳಿಯ ಲ್ಯಾಬಿಗೆ ಕಳಿಸಿ ಕಾಯಬೇಕು. ನನ್ನ ಹತ್ತಿರ ಪಾಸ್‌ಪೋರ್ಟ್ ಫೋಟೋಕ್ಕೆ ಸಾಕಾಗುವ ಸಣ್ಣ ಪ್ರಿಂಟರ್ ಇತ್ತು, ಅಷ್ಟೇ.

ಗೌರಿ ಮಾತ್ರ ನರಗುಂದದ ತನ್ನ ಸ್ಟುಡಿಯೋದಲ್ಲಿ ಹದಿಮೂರು ಇಂಚು ಅಗಲದ ಕಾಗದ ನುಂಗುವ ಪ್ರಿಂಟರನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದಳು. ರೋಣದಿಂದಲೂ ಮದುವೆ ಆರ್ಡರ್ ಅವಳಿಗೇ ಹೋಗುತ್ತಿದ್ದವು ಅಂತ ಕೇಳಿದ್ದೆ. ಕೇಳಿದಾಗೆಲ್ಲ ಹೊಟ್ಟೆಯಲ್ಲಿ ಏನೋ ಚುರ್ ಅನ್ನುತ್ತಿತ್ತು.

ಪೂಜೆ ಮುಗಿದ ಮೇಲೆ ಹಟ ಹಿಡಿದೆ. ನನಗೂ ಬೇಕು.

ಯಜಮಾನರು ಮಗ್ಗ ನಿಲ್ಲಿಸಿ ನನ್ನ ಮುಖ ನೋಡಿದರು. "ಖರೇ ಹೇಳು, ನಿನಗ ಪ್ರಿಂಟರ್ ಬೇಕೋ, ಗೌರಿಗಿಂತ ದೊಡ್ಡ ಪ್ರಿಂಟರ್ ಬೇಕೋ?"

"ಎರಡೂ ಬೇಕು" ಅಂದೆ.

ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಅಂಗಡಿಯಲ್ಲಿ ಎರಡು ಮಷಿನ್ ತೋರಿಸಿದರು. ಒಂದು ಗೌರಿಯ ಹತ್ತಿರ ಇದ್ದಂಥದ್ದೇ. ಇನ್ನೊಂದು ಹದಿನೇಳು ಇಂಚಿನದು, ಮೇಜಿನ ಮೇಲೆ ಹೋರಿಯ ಹಾಗೆ ಕೂತಿತ್ತು.

ಗೌರಿ ಪೂಜೆಗೆ ಬಂದಾಗ ಹಿಂದಿರುಗಿಸಿದ್ದ ಸಿಡಿಯನ್ನು ಒಯ್ದಿದ್ದೆ. ಮಾವನವರ ಅದೇ ಫೋಟೋವನ್ನು ಎರಡರಲ್ಲೂ ತೆಗೆಸಿದೆ.

ಸಣ್ಣದರ ಪ್ರಿಂಟ್ ಥಳಥಳ ಹೊಳೆಯುತ್ತಿತ್ತು. ಆದರೆ ಮಗ್ಗದ ಕೆಳಗಿನ ಕತ್ತಲು ನೀಲಿಗೆ ತಿರುಗಿತ್ತು. ದೊಡ್ಡದರಲ್ಲಿ ಹೊಳಪು ಕಡಿಮೆ... ಆದರೆ ಕತ್ತಲು ಕತ್ತಲಾಗಿಯೇ ಇತ್ತು, ಅದರೊಳಗೆ ಮಾವನವರ ಪಾದವೂ ಕಾಣುತ್ತಿತ್ತು.

ಅಂಗಡಿಯವರು ನೇರವಾಗಿ ಕೇಳಿದರು. "ಅಕ್ಕಾರ, ದಿನಾ ಪ್ರಿಂಟ್ ತಗೀತೀರೇನು? ಇದನ್ನ ಸುಮ್ನ ಇಟ್ರ ಶಾಯಿ ಒಣಗಿ, ಅದನ್ನ ಉಗುಳೋ ಹೆಡ್ ಕಟ್ಕೋತೈತ್ರಿ. ನೀವು ವಿಚಾರ ಮಾಡ್ರಿ."

ಯಜಮಾನರು ಮೊಬೈಲ್ ಚಾಚಿದರು. "ಗೌರಿನ್ನ ಕೇಳು. ಆಕಿಗೆ ಗೊತ್ತಿರ್ತೈತಿ."

ಅವಳನ್ನು ಕೇಳುವುದಾ? ಮುಖ ತಿರುಗಿಸಿದೆ. ಅವರೇ ನಂಬರ್ ಒತ್ತಿ ನನ್ನ ಕಿವಿಗೆ ಹಿಡಿದರು.

"ವೈನಿ, ಅಷ್ಟು ದೊಡ್ಡದು ಬ್ಯಾಡ್ರಿ" ಅಂದಳು ಗೌರಿ. "ನಮ್ಮ ಊರಾಗ ಕರೆಂಟ್ ಹ್ಯಾಂಗ ಹೋಗ್ತೈತಿ ನಿಮಗ ಗೊತ್ತಲ್ಲ. ನನ್ನ ಸಣ್ಣದ ಎರಡು ಸಲ ಕೈ ಕೊಟ್ಟೈತಿ."

ಮಾತು ಸರಿಯಾಗೇ ಇತ್ತು. ಆದರೆ ನನಗೆ ಕೇಳಿಸಿದ್ದೇ ಬೇರೆ: ನನಗಿಂತ ದೊಡ್ಡದು ನಿಮ್ಮ ಹತ್ತಿರ ಇರಬಾರದು.

ದೊಡ್ಡದನ್ನೇ ತೆಗೆದುಕೊಂಡೆ.

ವಾಪಸ್ ಬರುವಾಗ ಕಂಡಕ್ಟರಿಗೆ ಹೇಳಿ ಡಬ್ಬಿಯನ್ನು ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇರಿಸಿದೆವು. ನರಗುಂದ ಸ್ಟ್ಯಾಂಡಿನಲ್ಲಿ ಬಸ್ ನಿಂತಾಗ, ಡಬ್ಬಿಯ ಮೇಲಿನ ಚಿತ್ರ ಹೊರಗಿನವರಿಗೆ ಕಾಣುವ ಹಾಗೆ ನಾನು ಎದ್ದುಹೋಗಿ ತಿರುಗಿಸಿ ಇಟ್ಟೆ. ಯಾರಾದರೂ ನೋಡಿ ಗೌರಿಗೆ ಹೇಳಲಿ ಅಂತ.

ಯಜಮಾನರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಗುತ್ತಿದ್ದರು.

ಹೆಡ್ ಕಟ್ಟಿಕೊಳ್ಳಬಾರದೆಂದು ದಿನಾ ಏನಾದರೂ ಪ್ರಿಂಟ್ ತೆಗೆಯತೊಡಗಿದೆ. ನೇಕಾರರ ಮನೆಗಳಿಗೆ ಹೋಗಿ ಸೀರೆಗಳ ಫೋಟೋ ತೆಗೆದೆ. ಸೆರಗು, ದಡಿ ಎಳೆಎಳೆಯಾಗಿ ಬಂದವು. ಇಟಗಿ, ನರೇಗಲ್ಲಿನಿಂದಲೂ ಜನ ಬರತೊಡಗಿದರು. ಆದರೆ ನಾನು ಕಾಯುತ್ತಿದ್ದದ್ದು ಒಬ್ಬಳನ್ನೇ...

ಪಂಚಮಿಗೆ ಗೌರಿ ತವರಿಗೆ ಬಂದಳು. ಬ್ಯಾಗ್ ಇಳಿಸಿದವಳೇ ಸ್ಟುಡಿಯೋಗೆ ಬಂದು ಮಷಿನ್ ಸುತ್ತ ಒಂದು ಸುತ್ತು ಹಾಕಿದಳು. ಗೋಡೆಯ ಮೇಲೆ ನಾನು ಹೊಸದಾಗಿ ತೆಗೆದು ಹಾಕಿದ್ದ ಮಾವನವರ ಪ್ರಿಂಟ್ ಮುಂದೆ ನಿಂತುಬಿಟ್ಟಳು.

ಈಗ ಉರಿದುಕೊಳ್ಳುತ್ತಾಳೆ ಅಂತ ಒಳಗೊಳಗೇ ಹಿಗ್ಗಿದೆ.

"ವೈನಿ..." ಅವಳು ತಿರುಗಲಿಲ್ಲ. "ಅಪ್ಪ ನನ್ನ ಕ್ಯಾಮೆರಾದ ಮುಂದ ಒಮ್ಮೆನೂ ಹಿಂಗ ನಗಲಿಲ್ರಿ. ಭಾಳ ಸಲ ತಗದೆ. ಪ್ರತಿ ಸಲ ಬಿಗಿಯಾಗಿ ಕುಂತಬಿಡೋರು. ನಿಮ್ಮ ಈ ಫೋಟೋ ನೋಡಿದಾಗೆಲ್ಲ ನನಗ ಹೊಟ್ಯಾಗ ಬೆಂಕಿ ಬಿದ್ದಂಗ ಆಗ್ತಿತ್ತು."

ಅವಳು ಪ್ರಿಂಟಿನ ಅಂಚನ್ನು ಬೆರಳಿನಿಂದ ಮುಟ್ಟಿದಳು.

"ಅದಕ್ಕ ಪ್ರಿಂಟರ್ ತಂದ ಮ್ಯಾಲೆ ಮೊದಲ ಇದನ್ನ ಪ್ರಿಂಟ್ ತಗದೆ. ಇದರಾಗ ನಂದೂ ಒಂದು ಕೈ ಇರ್ಲಿ ಅಂತ."

ಹತ್ತಿರ ಹೋಗಿ ಅವಳ ಹೆಗಲ ಮೇಲೆ ಕೈ ಇಟ್ಟೆ.

ಇಲ್ಲಿಗೇ ಮುಗಿದಿದ್ದರೆ ಚಲೋ ಇತ್ತು!

ಆಮೇಲೆ ಅವಳು ಬ್ಯಾಗಿನಿಂದ ಒಂದು ಸಿಡಿ ತೆಗೆದಳು. "ನಾ ತಗದ ಫೋಟೋ ಇದೊಂದು, ನಿಮ್ಮ ದೊಡ್ಡದರಾಗ ಪ್ರಿಂಟ್ ತಗದು ನೋಡೋಣೇನ್ರಿ?"

ಕಾಗದ ನಿಧಾನವಾಗಿ ಹೊರಬರತೊಡಗಿತು. ಶಿರೋಳದ ಯಾವುದೋ ಮದುವೆ ಮನೆ. ಬಳೆಗಾರ್ತಿ ಮದುಮಗಳ ಕೈ ಹಿಂಡಿ ಬಳೆ ಏರಿಸುತ್ತಿದ್ದಾಳೆ, ಹುಡುಗಿ ನೋವಿಗೆ ಮುಖ ಕಿವುಚಿಕೊಂಡು ಅದರಲ್ಲೇ ನಗುತ್ತಿದ್ದಾಳೆ, ಹಿಂದೆ ಬಾಗಿಲಲ್ಲಿ ಅವಳ ಅವ್ವ ಇತ್ತ ನೋಡಲಾರದೆ ಬೇರೆಡೆ ನೋಡುತ್ತಿದ್ದಾಳೆ.

ಇಷ್ಟು ವರ್ಷ ಎಷ್ಟೋ ಮದುವೆ ಮನೆಗಳಲ್ಲಿ ಬಳೆ ಇಡಿಸುವ ಫೋಟೋ ತೆಗೆದಿದ್ದೇನೆ. ಹೀಗೆ ಒಂದೂ ಇಲ್ಲ.

"ಹ್ಯಾಂಗ ಬಂದೈತ್ರಿ ವೈನಿ?"

"ಭಾಳ ಚಲೋ ಬಂದೈತಿ" ಅಂದೆ. ಅಷ್ಟು ಹೇಳುವಷ್ಟರಲ್ಲಿ ಹೊಟ್ಟೆಯಲ್ಲಿ ಮತ್ತೆ ಚುರ್ ಅಂದಿತ್ತು.

ದೂರದವರು ಎಷ್ಟು ಬೆಳೆದರೂ ಏನೂ ಅನ್ನಿಸುವುದಿಲ್ಲ, ನಮ್ಮ ಕೈಯಲ್ಲೇ ಕಲಿತವರು ನಮಗಿಂತ ಮುಂದೆ ಹೋದರೆ ಮಾತ್ರ ಖುಷಿಯ ಜೊತೆಗೇ ಯಾಕೆ ಹೀಗೆ ಉರಿಯುತ್ತೆ... ನಿಮಗೂ ಹಾಗೆ ಆಗಿದೆಯಾ?