ಕಾಗದದ ಬತ್ತಿ ಒದ್ದೆಯಾಗಿತ್ತು

೧೯೯೭ರಲ್ಲಿ ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯೊಂದರಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹಲ್ಲಿನ ದವಾಖಾನೆ ನಡೆಸುತ್ತಿದ್ದೆ. ಡೆಂಟಲ್ ಕಾಲೇಜು ಮುಗಿಸಿ ಹನ್ನೊಂದು ವರ್ಷವಾಗಿತ್ತು. ಒಂದು ಡೆಂಟಲ್ ಚೇರ್, ಒಂದು ಎಕ್ಸ್-ರೇ ಯಂತ್ರ, ಹೊರಗೆ ಕಾಯುವವರಿಗೆ ಎರಡು ಬೆಂಚು, ಕೆಳಗೆ ದಿನವಿಡೀ ಆಟೋಗಳ ಹಾರ್ನ್. ನನ್ನ ಕೈ ಚುರುಕು ಎಂದು ಜನ ಹೇಳುತ್ತಿದ್ದರು. ಅದನ್ನು ಅವರಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ.

ನನ್ನ ರೋಗಿಗಳ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಊರು ಆದ ಮೇಲೆ ಇನ್ನೊಂದು ಕಾಲಂ ಇತ್ತು: ‘ಯಾರ ಕಡೆಯಿಂದ’. ನಮ್ಮ ಕಡೆ ಹಲ್ಲಿನ ಡಾಕ್ಟರ ಹತ್ತಿರ ಒಬ್ಬರೇ ಬರುವ ರೂಢಿ ಕಡಿಮೆ. ಮೊದಲೇ ಚಿಕಿತ್ಸೆ ಪಡೆದವರೊಬ್ಬರು ಕರೆದುಕೊಂಡು ಬರುತ್ತಾರೆ, ಚೇರ್ ಪಕ್ಕದಲ್ಲೇ ನಿಂತು ‘ಜಿಮ್ಮಾ ನಂದು, ಹೆದರಬ್ಯಾಡ’ ಎನ್ನುತ್ತಾರೆ. ಜಿಮ್ಮಾ ಎಂದರೆ ಹೊಣೆ. ನಾಳೆ ನೋವು ಹೆಚ್ಚಾದರೆ ರೋಗಿ ಬೈಯುವುದು ಡಾಕ್ಟರನ್ನಲ್ಲ, ಹೀಗೆ ಜಿಮ್ಮಾ ಹೊತ್ತವರನ್ನು. ಈ ಏರ್ಪಾಟಿನಿಂದ ನನಗೆ ಎಷ್ಟು ಅನುಕೂಲವಿದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಆ ಕಾಲಂನಲ್ಲಿ ಹತ್ತೊಂಬತ್ತು ಸಲ ಬರೆದ ಹೆಸರು ಅಂಬಾರಾಯನದು. ಕಮಲಾಪುರದವನು, ನಂದೂರಿನ ದಾಲ್ ಮಿಲ್ಲೊಂದರಲ್ಲಿ ಟೆಂಪೊ ಓಡಿಸುತ್ತಿದ್ದ. ೧೯೯೩ರಲ್ಲಿ ಟೆಂಪೊದಿಂದ ಜಾರಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದ. ಅದೇ ತಿಂಗಳು ಅವನ ಮದುವೆ. ನಾನು ಉಳಿದ ಮೋಟಿನ ಮೇಲೆ ಕ್ರೌನ್, ಅಂದರೆ ಹಲ್ಲಿನ ಬಣ್ಣದ ಟೋಪಿ, ಕೂರಿಸಿಕೊಟ್ಟೆ. ಕನ್ನಡಿ ಕೈಗೆ ಕೊಟ್ಟರೆ ಮರಳಿ ಕೊಡಲೊಲ್ಲ. ‘ಮದಿವ್ಯಾಗ ಬಾಯಿ ಮುಚ್ಚಂಗೇ ಇಲ್ಲ ಬಿಡ್ರಿ ಮೇಡಂ’ ಎಂದು ನಕ್ಕ. ಮರುವರ್ಷ ಅವನು ಮಸ್ಕತ್‌ಗೆ ಡ್ರೈವರ್ ಕೆಲಸಕ್ಕೆ ಹೋದ. ಹೋಗುವ ಮೊದಲೂ, ರಜೆಗೆ ಬಂದಾಗಲೂ ಊರಿನ ನಾಲ್ಕಾರು ಜನರನ್ನು ನನ್ನ ಹತ್ತಿರ ಕರೆತರುತ್ತಿದ್ದ.

ಆ ನಗು ನೋಡಿಯೇ ಅವನ ಯಜಮಾನರು ‘ಇದನ್ನು ಯಾರು ಮಾಡಿದರು’ ಎಂದು ಕೇಳಿದರಂತೆ. ಅವರು ಸಾಲಿಮ್ ಸಾಹೇಬರು, ವಯಸ್ಸು ಅರವತ್ತು, ಮಸ್ಕತ್‌ನಲ್ಲಿ ನಲ್ಲಿ-ಪೈಪಿನ ಅಂಗಡಿ. ಎಡಗಡೆ ಕೆಳದವಡೆಯಲ್ಲಿ ಒಂದು ಹಲ್ಲು ಹೋಗಿ ವರ್ಷಗಳಾಗಿದ್ದವು. ಅದರ ಹಿಂದಿನ ದವಡೆಹಲ್ಲು ಬೇರಿನ ತನಕ ಕೆಟ್ಟು ಆಗಾಗ ಕಾಡುತ್ತಿತ್ತು. ಅಲ್ಲಿಯ ಖಾಸಗಿ ದವಾಖಾನೆಯಲ್ಲಿ ಕೇಳಿದ ಖರ್ಚಿನಲ್ಲಿ ಇಬ್ಬರ ವಿಮಾನದ ಟಿಕೆಟ್, ಲಾಡ್ಜು, ನನ್ನ ಫೀ ಎಲ್ಲ ಮುಗಿದು ಇನ್ನೂ ಮಿಗುತ್ತಿತ್ತು. ಈಗ ಇದಕ್ಕೆ ಮೆಡಿಕಲ್ ಟೂರಿಸಂ ಎನ್ನುತ್ತಾರೆ, ದೊಡ್ಡ ಆಸ್ಪತ್ರೆಗಳು ಅದಕ್ಕೆಂದೇ ಪ್ರತ್ಯೇಕ ಕೌಂಟರ್ ಇಡುತ್ತವೆ. ಆಗ ಕಲಬುರಗಿಯಲ್ಲಿ ಅದರ ಕೌಂಟರ್ ಎಂದರೆ ಅಂಬಾರಾಯನೇ.

ಮಾರ್ಚ್ ೩ರಂದು ಇಬ್ಬರೂ ಬಂದರು. ಸಾಹೇಬರು ಬಿಳಿ ನಿಲುವಂಗಿಯಲ್ಲಿ ಮಹಡಿ ಮೆಟ್ಟಿಲು ಹತ್ತುವಾಗ ಬಟ್ಟೆ ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ಅವರಿಗೆ ಅಂಗಡಿ ವ್ಯವಹಾರಕ್ಕೆ ಸಾಕಾಗುವಷ್ಟು ಹಿಂದಿ ಬರುತ್ತಿತ್ತು. ‘ಕಿತ್ನೆ ದಿನ್?’ ಎಂದರು. ಮುಂಬಯಿಯಿಂದ ಅವರ ವಿಮಾನ ೨೩ಕ್ಕೆ. ನಾನು ಎಕ್ಸ್-ರೇ ತೆಗೆಯುವ ಮೊದಲೇ ‘ಹದಿನೆಂಟು ದಿನ ಸಾಕು’ ಎಂದೆ. ಆ ವಾರದ ನಮ್ಮ ದಂತವೈದ್ಯರ ಸಭೆಯಲ್ಲಿ, ಯಾರೂ ಕೇಳದಿದ್ದರೂ, ‘ಒಮಾನ್‌ನಿಂದ ಒಬ್ಬ ಪೇಷಂಟ್ ಬಂದಿದ್ದಾರೆ’ ಎಂದು ನಾಲ್ಕು ಮಂದಿಗೆ ಹೇಳಿದೆ.

ಮಾಡಬೇಕಾದ ಕೆಲಸ ಬ್ರಿಡ್ಜ್. ಖಾಲಿ ಜಾಗದ ಹಿಂದೆ ಮುಂದೆ ಇರುವ ಎರಡು ಹಲ್ಲುಗಳನ್ನು ಕಂಬಗಳಾಗಿ ಮಾಡಿ ನಡುವೆ ಕೃತಕ ಹಲ್ಲು ಕೂರಿಸುವುದು. ಆದರೆ ಹಿಂದಿನ ಕಂಬವೇ ಕೆಟ್ಟಿತ್ತು. ಅದಕ್ಕೆ ಮೊದಲು ರೂಟ್ ಕೆನಾಲ್ ಆಗಬೇಕು. ಹಲ್ಲನ್ನು ತೆರೆದು, ಬೇರಿನೊಳಗಿನ ಕೊಳೆತದ್ದನ್ನು ತೆಗೆದು, ಔಷಧ ಇಟ್ಟು, ಒಳಗೆ ಕೀವು ಬರುವುದು ಪೂರ್ತಿ ನಿಂತ ಮೇಲೆ ಮಾತ್ರ ಮುಚ್ಚಬೇಕು. ನಿಂತಿದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಪೇಪರ್ ಪಾಯಿಂಟ್ ಎಂಬ ವಸ್ತು ಇದೆ. ಸೂಜಿಯಷ್ಟು ಸಣ್ಣ ಕಾಗದದ ಬತ್ತಿ. ಬೇರಿನೊಳಗೆ ಇಳಿಸಿ ತೆಗೆದಾಗ ಬತ್ತಿ ಒಣಗಿದ್ದರೆ ಮುಚ್ಚಬಹುದು, ಒದ್ದೆಯಾಗಿದ್ದರೆ ಕಾಯಬೇಕು. ಕಾಲೇಜಿನ ಹುಡುಗರಿಗೂ ಗೊತ್ತಿರುವ ಪಾಠ ಇದು.

ಮಾರ್ಚ್ ೯, ಭಾನುವಾರ, ಅಂಬಾರಾಯ ಸಾಹೇಬರನ್ನೂ ನನ್ನನ್ನೂ ಕಮಲಾಪುರಕ್ಕೆ ಊಟಕ್ಕೆ ಕರೆದೊಯ್ದ. ಹುಮನಾಬಾದ ರಸ್ತೆಯಲ್ಲಿ ಜೀಪಿನಲ್ಲಿ ಒಂದು ಗಂಟೆಯ ದಾರಿ. ಹಳೆಯ ಮನೆಯ ಪಕ್ಕದಲ್ಲೇ ಹೊಸ ಮನೆ ಏಳುತ್ತಿತ್ತು, ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಜೂನ್‌ನಲ್ಲಿ ಅವನ ಕರಾರು ಮುಗಿಯುತ್ತದೆ, ಸಾಹೇಬರು ಇನ್ನೆರಡು ವರ್ಷಕ್ಕೆ ಮುಂದುವರಿಸಿದರೆ ಸ್ಲ್ಯಾಬ್ ಬೀಳುತ್ತದೆ ಎಂದು ಅವನ ತಾಯಿ ಗುರಮ್ಮ ನನಗೆ ಕೈಹಿಡಿದು ತೋರಿಸಿದಳು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಸಾಹೇಬರು ಬಲಗಡೆಯಲ್ಲಷ್ಟೇ ಎರಡು ತುತ್ತು ಅಗಿದು ತಟ್ಟೆ ಸರಿಸಿದರು. ಗುರಮ್ಮ ಒಳಗೆ ಹೋಗಿ ಊರಿನ ಕೆಂಪು ಬಾಳೆಹಣ್ಣು ಕಿವುಚಿ, ತುಪ್ಪ ಹಾಕಿ ತಂದಳು. ಅವರು ಬಟ್ಟಲು ಖಾಲಿ ಮಾಡಿದರು.

‘ರೊಟ್ಟಿ ಕಡೀಲಾರದ ಮನಷ್ಯಾನ ಮುಂದ ಕುಂತು ನಾವ್ ಹ್ಯಾಂಗ ರೊಟ್ಟಿ ತಿನಬೇಕ್ರಿ? ಅವರ ಹಲ್ಲ ಛಲೋ ಮಾಡಿ ಕಳಸ್ರಿ ಡಾಕ್ಟರಮ್ಮ. ನನ್ನ ಮಗ ಜಿಮ್ಮಾ ತಗೊಂಡು ಕರಕೊಂಡು ಬಂದಾನ’ ಎಂದಳು ಗುರಮ್ಮ.

‘ಮುಂದಿನ ಸಲ ಬಂದಾಗ ರೊಟ್ಟಿನೇ ತಿಂತಾರ ನೋಡವ್ವ’ ಎಂದು ನಾನು ಮಾತು ಕೊಟ್ಟೆ. ಅದರ ಹಿಂದಿನ ದಿನ ಅವರ ಹಲ್ಲಿನಿಂದ ತೆಗೆದ ಬತ್ತಿ ಒದ್ದೆಯಾಗಿಯೇ ಬಂದಿತ್ತು.

೧೪ರಂದು ಮತ್ತೆ ಶುಚಿಮಾಡಿ ಔಷಧ ಬದಲಿಸಿದೆ. ೨೦ರಂದು ಕೊನೆಯ ಭೇಟಿ. ಮರುದಿನ ಅವರ ಮುಂಬಯಿ ರೈಲು. ಲ್ಯಾಬ್‌ನಿಂದ ಬ್ರಿಡ್ಜ್ ತಯಾರಾಗಿ ಬಂದು ಟ್ರೇಯಲ್ಲಿ ಹೊಳೆಯುತ್ತಿತ್ತು. ಬತ್ತಿ ಇಳಿಸಿದೆ, ತೆಗೆದೆ. ತುದಿ ಹಳದಿಯಾಗಿ ಒದ್ದೆಯಾಗಿತ್ತು. ಮೂಗಿನ ಹತ್ತಿರ ತಂದರೆ ಸಣ್ಣಗೆ ವಾಸನೆ. ಇನ್ನೊಂದು ಬತ್ತಿ ಇಳಿಸಿದೆ, ಅದೂ ಹಾಗೆಯೇ.

ಆಗ ನಾನು ಹೇಳಬೇಕಾಗಿದ್ದ ಮಾತು ಒಂದೇ: ‘ಇದು ಇನ್ನೂ ಆಗಿಲ್ಲ.’ ಆದರೆ ಹದಿನೆಂಟು ದಿನ ಸಾಕು ಎಂದವಳು ನಾನು, ಸಭೆಯಲ್ಲಿ ಹೇಳಿಕೊಂಡವಳು ನಾನು. ಸಮುದ್ರ ದಾಟಿ ಬಂದವರಿಗೆ ಅರ್ಧ ಕೆಲಸ ಹೇಗೆ ತೋರಿಸುವುದು? ಆಂಟಿಬಯಾಟಿಕ್ ಬರೆದುಕೊಟ್ಟರೆ ತಡೆದುಕೊಂಡೀತು ಎಂದು ಲೆಕ್ಕ ಹಾಕಿದೆ. ಎರಡೂ ಬತ್ತಿಗಳನ್ನು ಕಸದ ಡಬ್ಬಿಗೆ ಹಾಕಿದೆ.

ಚೇರ್ ಪಕ್ಕದಲ್ಲಿ ನಿಂತಿದ್ದ ಅಂಬಾರಾಯ ಕೇಳಿದ, ‘ಆತೇನ್ರಿ ಮೇಡಂ?’

‘ಆಯ್ತು’ ಎಂದೆ. ಬೇರು ತುಂಬಿ, ಮುಚ್ಚಿ, ಬ್ರಿಡ್ಜ್ ಅಂಟಿಸಿದೆ. ಸಾಹೇಬರು ಕನ್ನಡಿ ನೋಡಿ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ನನಗೆ ಅವರ ಮುಖ ನೋಡಲಾಗದೆ ಕೈ ತೊಳೆಯಲು ಹೋದೆ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಮಸ್ಕತ್‌ನಿಂದ ಫೋನ್ ಬಂತು. ‘ಮೇಡಂ ರೀ, ಸಾಹೇಬ್ರ ಗದ್ದ ಬಾತದ. ಬಾಯಿ ತೆರ್ಯಾಕ ಬರವಲ್ದು, ಜ್ವರ ಬಂದಾವ. ಯಾಕ್ ಹಿಂಗಾತಂತ ಕೇಳಾಕತ್ತಾರ. ನಾ ಏನ್ ಹೇಳಲಿ?’ ಎಂದು ಅಂಬಾರಾಯ ಕೇಳಿದ.

‘ತಡ ಮಾಡಬೇಡ, ಈಗಲೇ ಅಲ್ಲಿಯ ಆಸ್ಪತ್ರೆಗೆ ಕರೆದುಕೊಂಡು ಹೋಗು’ ಎಂದೆ. ಇಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಿತ್ತು. ನಾನು ನಿಲ್ಲಿಸಲಿಲ್ಲ. ‘ಅವರು ಗಟ್ಟಿದೇನೋ ಕಡಿದಿರಬೇಕು. ಎಲುಬೋ, ಬಾದಾಮಿಯೋ. ಕೇಳು’ ಎಂದೆ. ನನಗೆ ಕಾರಣ ಗೊತ್ತಿತ್ತು. ಗೊತ್ತಿದ್ದೇ ಹಾಗೆಂದೆ.

ಆಮೇಲೆ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ನಂಬರ್ ನನ್ನ ಡೈರಿಯಲ್ಲೇ ಇತ್ತು, ಆ ಪುಟ ಬಂದಾಗಲೆಲ್ಲ ಬೇಗ ಮಗುಚುತ್ತಿದ್ದೆ. ಅಂಬಾರಾಯನ ಹೆಸರೂ ನನ್ನ ರಿಜಿಸ್ಟರಿನಲ್ಲಿ ಮತ್ತೆ ಬರಲಿಲ್ಲ.

೨೦೦೦ದ ನವೆಂಬರ್‌ನಲ್ಲಿ ನಂದೂರಿನ ಮಿಲ್ ಕಾರ್ಮಿಕರಿಗೆ ಉಚಿತ ದಂತ ತಪಾಸಣೆ ಏರ್ಪಾಡಾಯಿತು. ಮೂರು ಜನ ಡಾಕ್ಟರುಗಳು, ಶೆಡ್ಡಿನಲ್ಲಿ ಮೂರು ಕುರ್ಚಿ. ತಲೆ, ಹುಬ್ಬಿನ ಮೇಲೆಲ್ಲ ಬೇಳೆಯ ಧೂಳು ಮೆತ್ತಿಕೊಂಡ ಗಂಡಸರು ಸಾಲಾಗಿ ಬಂದು ಬಾಯಿ ತೆರೆಯುತ್ತಿದ್ದರು. ಮುಖ ನೋಡುವಷ್ಟು ಪುರಸೊತ್ತಿರಲಿಲ್ಲ. ಒಂದು ಬಾಯೊಳಗೆ ಟಾರ್ಚ್ ಬಿಟ್ಟಾಗ ಮುಂದಿನ ಹಲ್ಲಿನ ಕ್ರೌನ್ ಕಂಡಿತು. ದರ್ಜಿಗೆ ತನ್ನ ಹೊಲಿಗೆ ಗೊತ್ತಾಗುವಂತೆ ನಮಗೆ ನಮ್ಮ ಕೆಲಸ ಗೊತ್ತಾಗುತ್ತದೆ. ಕೈ ಹಿಂದೆಗೆದು ಮುಖ ನೋಡಿದೆ.

‘ನಾನೇ ರೀ ಮೇಡಂ, ಅಂಬಾರಾಯ.’

ಸರತಿ ಮುಗಿಯುವ ತನಕ ಕಾಯಲು ಹೇಳಿದೆ. ಆಮೇಲೆ ಶೆಡ್ಡಿನ ಹೊರಗೆ ಚೀಲಗಳ ಮೇಲೆ ಕುಳಿತು ಅವನು ಹೇಳಿದ್ದಿಷ್ಟು. ಕೀವು ದವಡೆಯಿಂದ ಕುತ್ತಿಗೆಗೆ ಇಳಿದಿತ್ತು. ಅಲ್ಲಿಯ ಆಸ್ಪತ್ರೆಯಲ್ಲಿ ಗದ್ದದ ಕೆಳಗೆ ಕೊಯ್ದು ತೆಗೆದರು, ಬ್ರಿಡ್ಜ್ ಕತ್ತರಿಸಿದರು, ಹಲ್ಲನ್ನೂ ಕಿತ್ತರು. ಸಾಹೇಬರು ಹನ್ನೆರಡು ದಿನ ಮಲಗಿದ್ದರು. ಗುಣವಾಯಿತು, ಆದರೆ ಕರಾರು ಮುಂದುವರಿಯಲಿಲ್ಲ.

‘ಹಲ್ಲಿನ ಸಲುವಾಗಿ ತೆಗದ್ರೇನು ನಿನ್ನ?’ ಎಂದೆ.

‘ಇಲ್ರಿ. ಹಲ್ಲಿನ ಸಲುವಾಗಿ ಅವ್ರು ಒಂದ ಮಾತ ಅಂದಿಲ್ಲ. ನೀವ್ ಹೇಳಿದ್ದಿರೆಲ್ರೀ, ಗಟ್ಟಿ ಏನರ ಕಡದಿರಬೇಕಂತ. ನಾ ಹಂಗೇ ಹೇಳಿದೆ. ಅವ್ರು ಇಲ್ಲ ಅಂದ್ರು. ನಾ ಮತ್ತ ಹೇಳಿದೆ, ಇಲ್ರಿ, ನಮ್ಮ ಡಾಕ್ಟರು ಸುಳ್ಳ ಹೇಳಂಗಿಲ್ಲ, ನೀವೇ ಮರ್ತಿರಬೇಕು ಅಂದೆ. ಹಾಸಿಗಿ ಮ್ಯಾಲ ಮಲ್ಕೊಂಡವ್ರಿಗೆ ಹಂಗ ಅಂದುಬಿಟ್ಟೆ. ನನಗೇ ಸುಳ್ಳಗಾರ ಅಂತೀ ಏನಂತ ಭಾಳ ಸಿಟ್ಟಾದ್ರು. ಸುಳ್ಳ ಹೇಳಾವ್ರ ಕೂಡ ಗಾಡ್ಯಾಗ ಕೂಡಂಗಿಲ್ಲ ಅಂದ್ರು.’ ಅವನು ನನ್ನನ್ನು ದೂರುತ್ತಿರಲಿಲ್ಲ, ನಡೆದದ್ದನ್ನು ಹೇಳುತ್ತಿದ್ದ. ಇಷ್ಟಾದರೂ ನಾನು ಹೇಳಿದ್ದು ನಿಜವೆಂದೇ ಅವನು ನಂಬಿದ್ದ.

ಆಗಲೂ ಸುಮ್ಮನಿರುವುದು ನನಗೆ ಸುಲಭವಾಗಿತ್ತು. ಜೀಪು ಕಾಯುತ್ತಿತ್ತು. ಆದರೆ ಅವನ ಬಾಯಿಯಲ್ಲಿ ‘ನಮ್ಮ ಡಾಕ್ಟರು ಸುಳ್ಳ ಹೇಳಂಗಿಲ್ಲ’ ಎಂಬುದನ್ನು ಕೇಳಿದ ಮೇಲೆ ಏಳಲಾಗಲಿಲ್ಲ. ಬತ್ತಿ ಒದ್ದೆಯಾಗಿದ್ದದ್ದು, ನಾನು ನೋಡಿದ್ದು, ಡಬ್ಬಿಗೆ ಹಾಕಿದ್ದು, ಫೋನಿನಲ್ಲಿ ಬೇಕೆಂದೇ ಹಾಗೆಂದದ್ದು, ಎಲ್ಲ ಹೇಳಿದೆ. ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು. ಅವನ ಕಣ್ಣಲ್ಲಿ ಬರಲಿಲ್ಲ.

ಅವನು ಕೇಳಿದ, ‘ಒಣಗಾಕ ಇನ್ನ ಎಷ್ಟ ದಿನ ಬೇಕಿತ್ರಿ?’

‘ಹದಿನೈದು ದಿನ. ಹೆಚ್ಚೆಂದರೆ ತಿಂಗಳು.’

‘ಟಿಕೀಟ್ ಮುಂದಕ ಹಾಕಸ್ತಿದ್ದೆ ಅಲ್ರೀ! ಮುಂಬಯಿ ಆಫೀಸಿನ ನಂಬರು ನನ್ನ ಕಿಸೇದಾಗೇ ಇತ್ತು. ಒಂದ್ ಫೋನಿನ ಕೆಲಸ. ಸಾಹೇಬ್ರಿಗೂ ಅವಸರ ಇರಲಿಲ್ಲ, ನಮ್ಮವ್ವನ ಬಾಳಿಹಣ್ಣಿಗೆ ಇನ್ನೊಮ್ಮಿ ಹೋಗೂಣಂತ ಅವ್ರೇ ಅನ್ನಾಕತ್ತಿದ್ರು.’

ಅಷ್ಟು ದಿನವೂ ವಿಮಾನದ ಆ ತಾರೀಖನ್ನು ಕಲ್ಲಿನ ಮೇಲೆ ಕೆತ್ತಿದ್ದೆಂದು ತಿಳಿದಿದ್ದೆ. ಬದಲಿಸಬಹುದೇ ಎಂದು ಪಕ್ಕದಲ್ಲೇ ನಿಂತಿದ್ದವನನ್ನು ಒಂದು ಸಲವೂ ಕೇಳಿರಲಿಲ್ಲ. ಕೇಳಬೇಕೆಂದರೆ ‘ಆಗಿಲ್ಲ’ ಎನ್ನಬೇಕಿತ್ತು.

ಸಾಹೇಬರಿಗೆ ಪತ್ರ ಬರೆಯುತ್ತೇನೆ, ಮತ್ತೆ ಕೆಲಸ ಕೊಡಿ ಎಂದು ಕೇಳುತ್ತೇನೆ ಎಂದೆ. ಅಂಬಾರಾಯ ತಲೆಯ ಧೂಳು ಕೊಡವುತ್ತ ಎದ್ದ. ‘ಕೆಲಸದ ಮಾತ ಬರೀಬ್ಯಾಡ್ರಿ. ನಾ ಸುಳ್ಳ ಹೇಳಿದವ ಅಲ್ಲಂತ ಬರೀರಿ, ಅಷ್ಟ ಸಾಕು.’

ಬರೆದೆ. ಯಾವ ದಿನ ಏನು ಕಂಡೆ, ಏನು ಮಾಡಿದೆ, ಯಾವ ಮಾತು ನನ್ನದು ಎಂದು ಒಂದೂವರೆ ಪುಟ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ನನಗೆ ಉತ್ತರ ಬರಲಿಲ್ಲ. ತಲುಪಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ನಿವೃತ್ತಿಯ ತನಕ ಒಂದು ಕೆಲಸ ತಪ್ಪಿಸಲಿಲ್ಲ. ರೂಟ್ ಕೆನಾಲ್ ಮುಚ್ಚುವ ಮೊದಲು ತೆಗೆದ ಬತ್ತಿಯನ್ನು ರೋಗಿಗೋ, ಕರೆತಂದವರಿಗೋ ತೋರಿಸುತ್ತಿದ್ದೆ. ಒದ್ದೆಯೆಂದರೆ ಏನು, ಒಣಗಿದೆಯೆಂದರೆ ಏನು ಎಂದು ಹೇಳುತ್ತಿದ್ದೆ. ಜೊತೆಯ ಡಾಕ್ಟರುಗಳು ನಗುತ್ತಿದ್ದರು. ಹಲ್ಲಿನ ಕೆಲಸ ನನಗೆ ಕಾಲೇಜು ಕಲಿಸಿತು. ‘ಆಗಿಲ್ಲ’ ಎಂದು ಬಾಯಿಬಿಟ್ಟು ಹೇಳುವುದನ್ನು ಕಲಿಯಲು ನನಗೆ ಒಬ್ಬರ ಅನ್ನ ಕಳೆಯಬೇಕಾಯಿತು. ಈ ಮಾತನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ.

೨೦೦೧ರ ಬೇಸಿಗೆಯಲ್ಲಿ ಗುರಮ್ಮ ದವಾಖಾನೆಯ ಮೆಟ್ಟಿಲು ಹತ್ತಿ ಬಂದಳು, ಒಬ್ಬಳೇ, ಸೆರಗಿನಿಂದ ಗಲ್ಲ ಒತ್ತಿಹಿಡಿದುಕೊಂಡು. ಮನೆ ಎಲ್ಲಿಗೆ ಬಂತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವಳೇ ಹೇಳಿದಳು, ‘ಕಿಟಕಿ ತನಕ ಅದ ರೀ ಇನ್ನಾ.’ ರಿಜಿಸ್ಟರ್ ತೆರೆದು ಹೆಸರು, ವಯಸ್ಸು, ಊರು ಬರೆದೆ. ಮುಂದಿನ ಕಾಲಂನಲ್ಲಿ ಪೆನ್ನು ನಿಂತಿತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಮಗನಿಂದ ಆ ಕಾಲಂ ವಿಷಯ ಗೊತ್ತಿತ್ತು.

‘ಯಾರ ಕಡೀಂದನೂ ಅಲ್ರಿ. ಮಗ ಬ್ಯಾಡಂದ, ನಾನೇ ಬಂದೀನಿ’ ಎಂದಳು.

ಕಾಲಂ ಖಾಲಿ ಬಿಟ್ಟೆ. ಹಲ್ಲು ತೆರೆದು ಶುಚಿಮಾಡಿದೆ. ವಾರದ ನಂತರ ಮತ್ತೆ ಬಂದಾಗ ಔಷಧ ತೆಗೆದು ಬತ್ತಿ ಇಳಿಸಿ ತೆಗೆದೆ. ಬತ್ತಿಯ ವಿಷಯವನ್ನೂ ಮಗನೇ ಹೇಳಿರಬೇಕು, ನಾನು ಹೇಳುವ ಮೊದಲೇ ಅವಳು ಅಂಗೈ ಚಾಚಿದಳು. ಬತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು, ಬೆರಳ ತುದಿಯಿಂದ ಮುಟ್ಟಿದಳು.

‘ಹಸಿ ಅದ ರೀ ಇನ್ನಾ’ ಎಂದಳು.

‘ಹೌದವ್ವ. ಇನ್ನೂ ಆಗಿಲ್ಲ’ ಎಂದೆ.

‘ಹಂಗಾರ ಮುಂದಿನ ವಾರ ಬರ್ತೀನಿ’ ಎಂದು ಚಪ್ಪಲಿ ಮೆಟ್ಟಿಕೊಂಡು ಕಮಲಾಪುರದ ಬಸ್ಸಿಗೆ ಹೊರಟಳು.