ಸದ್ದಿಲ್ಲದೆ ಚೆಂಡು ಹಿಡಿಯುವ ಹುಡುಗಿ

ಹಳೆಯ ಕಾರು ಕೊಳ್ಳಲು ಬರುವವರಿಗೆಲ್ಲ ನಾನು ಒಂದು ಮಾತು ಹೇಳುತ್ತೇನೆ: ಬಾನೆಟ್ ಎತ್ತುವ ಮುಂಚೆ ಟೈರು ನೋಡಿ. ಬಣ್ಣ ಹೊಡೆಸಬಹುದು, ಸೀಟಿಗೆ ಹೊಸ ಕವರ್ ಹಾಕಿಸಬಹುದು, ಎಂಜಿನ್ನನ್ನು ಒರೆಸಿ ಫಳಫಳ ಮಾಡಬಹುದು. ಟೈರು ಒಂದೇ ಕಡೆ ಸವೆದಿದ್ದರೆ ಗಾಡಿ ಎಲ್ಲೋ ಪೆಟ್ಟು ತಿಂದಿದೆ. ನಾಲ್ಕೂ ಹೊಸದಾಗಿದ್ದರೆ ಯಾಕೆ ಬದಲಾಯಿಸಿದಿರಿ ಎಂದು ಕೇಳಿ. ಮಾರುವವನು ತೋರಿಸುವುದನ್ನು ನೋಡುತ್ತಾ ನಿಂತವರು ಮೋಸಹೋಗುತ್ತಾರೆ.

ಈ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಪರ್ತ್‌ನ ವಿಲೆಟನ್‌ನಲ್ಲಿ ನಮ್ಮ ಬಾಡಿಗೆ ಮನೆಯ ಡ್ರೈವ್‌ವೇನಲ್ಲೇ ಕಲಿತದ್ದು. ಯಜಮಾನರ ಎಂಜಿನಿಯರ್ ವೀಸಾದ ಹಿಂದೆ ಮೈಸೂರಿನಿಂದ ಬಂದ ನನಗೆ ಅಲ್ಲಿ ಮಾಡಲು ಕೆಲಸವಿರಲಿಲ್ಲ. ಅಲ್ಲಿನ ಹೈಸ್ಕೂಲಿನ ಆಸೆಗೆ ಸಂಸಾರಗಳು ಬರುತ್ತವೆ, ಮಕ್ಕಳ ಓದು ಮುಗಿದ ಮೇಲೆ ಹೊರಡುತ್ತವೆ, ಹೊರಡುವ ಅವಸರದಲ್ಲಿ ಕಾರು ಮಾರುತ್ತವೆ. ಮೊದಲು ಕೊಂಡದ್ದು ಪಕ್ಕದ ರಸ್ತೆಯ ಅಜ್ಜಿಯೊಬ್ಬರ ಸಾಸಿವೆ ಬಣ್ಣದ ಹಳೇ ಗಾಡಿ. ಆ ಬಣ್ಣ ನೋಡಿ ಯಾರೂ ಹತ್ತಿರ ಬರುತ್ತಿರಲಿಲ್ಲ. ಗಾಡಿಯೇನೋ ಚಿನ್ನದಂತಿತ್ತು. ಅಲ್ಲಿಂದ ಶುರುವಾಗಿ, ಅಡಿಲೇಡಿಗೆ ಬಂದ ಮೇಲೆ ಅಲ್ಲಿನ ಸ್ಯಾಲಿಸ್‌ಬರಿಯಲ್ಲಿ ಹಳೇ ಕಾರು ಮಾರುವ ನನ್ನದೇ ಯಾರ್ಡ್ ತೆರೆದೆ. ಕಾರಿನ ಮಾತು ಇಷ್ಟಕ್ಕೆ ಸಾಕು. ಇಲ್ಲಿ ಹೇಳಬೇಕಾಗಿರುವುದು ಒಬ್ಬ ಹುಡುಗಿಯ ವಿಷಯ.

ನಮ್ಮ ಊರಿನ ಕನ್ನಡದವರು ಬೇಸಿಗೆಯಲ್ಲಿ ಮಾಸನ್ ಲೇಕ್ಸ್‌ನ ಮೈದಾನದಲ್ಲಿ ಒಂದು ದಿನ ಸೇರುತ್ತೇವೆ. ಗಂಡಸರು ಕ್ರಿಕೆಟ್ ಆಡುತ್ತಾರೆ, ಹೆಂಗಸರು ಥ್ರೋಬಾಲ್ ಆಡುತ್ತೇವೆ. ಕರ್ನಾಟಕದ ಶಾಲೆಯಲ್ಲಿ ಓದಿದ ಯಾವ ಹೆಣ್ಣಿಗೂ ಥ್ರೋಬಾಲ್ ಹೇಳಿಕೊಡಬೇಕಿಲ್ಲ. ನೆಟ್ಟಿನಾಚೆಯಿಂದ ಬಂದ ಚೆಂಡನ್ನು ಎರಡೂ ಕೈಯಲ್ಲಿ ಒಂದೇ ಸಲಕ್ಕೆ ಹಿಡಿಯಬೇಕು, ಕೈಯಲ್ಲಿ ಕುಣಿಸಬಾರದು, ಮೂರು ಸೆಕೆಂಡಿನೊಳಗೆ ಭುಜದ ಮೇಲಿಂದ ವಾಪಸ್ ಎಸೆಯಬೇಕು. ತಡಮಾಡಿದರೆ ಫೌಲ್. ಕಾಲೇಜಿನಲ್ಲಿ ನಾನು ಕ್ಯಾಪ್ಟನ್ ಆಗಿದ್ದವಳು, ಇಲ್ಲಿಯೂ ಆಂಟಿಗಳ ತಂಡಕ್ಕೆ ನಾನೇ ಕ್ಯಾಪ್ಟನ್. ಆ ಪಟ್ಟವನ್ನು ಯಾರೂ ಕೊಟ್ಟದ್ದಲ್ಲ, ನಾನೇ ಇಟ್ಟುಕೊಂಡದ್ದು.

ಆ ದಿನ ನಮ್ಮ ಎದುರಿಗೆ ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗಿಯರ ತಂಡ. ಅವರಿಗೆ ಒಬ್ಬಳು ಕಡಿಮೆ ಬಿದ್ದಳು. ಮರದ ಕೆಳಗೆ ಫೋನು ನೋಡುತ್ತಾ ಕೂತಿದ್ದ ಒಬ್ಬ ಹೈಸ್ಕೂಲು ಹುಡುಗಿಯನ್ನು ಎಳೆದುಕೊಂಡು ಬಂದು ನಿಲ್ಲಿಸಿದರು. ಉಡುಪಿ ಕಡೆಯ ಕ್ಯಾಥೊಲಿಕ್ ಮನೆಯ ಹುಡುಗಿ, ಮಸ್ಕತ್‌ನಲ್ಲಿ ಹುಟ್ಟಿ ಸ್ಯಾಲಿಸ್‌ಬರಿಯಲ್ಲಿ ಬೆಳೆದವಳು. ತಂದೆ ಅಲ್ಲೇ ಫ್ಯಾಕ್ಟರಿಯಲ್ಲಿ ವೆಲ್ಡರ್, ತಾಯಿಗೆ ವೃದ್ಧರ ಆರೈಕೆಯ ಕೆಲಸ. ಎತ್ತರ ನನ್ನಷ್ಟೇ, ಅಂದರೆ ಹೆಚ್ಚೇನಿಲ್ಲ.

ಹೊಸಬಳು ಕಂಡರೆ ನಾನು ಸರ್ವಿಸನ್ನು ಅವಳ ಮೇಲೇ ಹಾಕುತ್ತೇನೆ. ಜೋರಾಗಿಯೇ ಹಾಕಿದೆ. ಹಿಡಿದಳು. ಸರಿ, ಅದೃಷ್ಟ ಅಂದುಕೊಂಡು ಇನ್ನೂ ಜೋರಾಗಿ, ಮೊಣಕಾಲಿನ ಮಟ್ಟಕ್ಕೆ ಹಾಕಿದೆ. ಅದನ್ನೂ ಹಿಡಿದಳು. ಆಗ ನನಗೆ ಒಂದು ವಿಷಯ ಹೊಳೆಯಿತು. ಚೆಂಡು ಅಂಗೈಗೆ ಬಿದ್ದರೆ ಟಪ್ ಎಂದು ಸದ್ದಾಗಬೇಕು. ಎಂಥ ಒಳ್ಳೆಯ ಆಟಗಾರ್ತಿ ಹಿಡಿದರೂ ಆಗುತ್ತದೆ. ಇವಳು ಹಿಡಿದಾಗ ಆಗಲಿಲ್ಲ. ಚೆಂಡು ಬಂದ ವೇಗಕ್ಕೆ ಸರಿಯಾಗಿ ಕೈಗಳು ಹಿಂದಕ್ಕೆ ಸರಿದು, ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡವು. ಮರುಕ್ಷಣ ಅದೇ ಚೆಂಡು ನಮ್ಮ ಕಡೆ ಯಾರೂ ಇಲ್ಲದ ಮೂಲೆಗೆ ಬಂದು ಬಿತ್ತು. ನಾವು ಸೋತೆವು. ನನಗೆ ಸೋತದ್ದು ನೆನಪೇ ಇರಲಿಲ್ಲ.

ಆಟ ಮುಗಿದ ಕೂಡಲೇ ಅವಳ ಪಕ್ಕ ಹೋಗಿ ಕೂತೆ.

“ಎಲ್ಲಿ ಆಡ್ತೀಯಮ್ಮ ನೀನು?”

“ಸಾಕರ್, ಆಂಟಿ. ಗೋಲ್‌ಕೀಪರ್. ಸೆಕೆಂಡ್ ಟೀಮ್.”

“ಸೆಕೆಂಡ್ ಟೀಮಾ? ಯಾಕೆ?”

ಅವಳು ತಲೆಯ ಮೇಲೆ ಅಂಗೈಯನ್ನು ಅಡ್ಡ ಹಿಡಿದು ತೋರಿಸಿ ನಕ್ಕಳು. “ಟೂ ಶಾರ್ಟ್.”

ಬಿಡಿಸಿ ಕೇಳಿದಾಗ ಎಲ್ಲ ಹೊರಗೆ ಬಂತು. ಅವಳದು ಶಾಲೆಯ ಕೊನೆಯ ವರ್ಷ. ಅಮೆರಿಕದ ಕಾಲೇಜುಗಳು ಫುಟ್‌ಬಾಲ್ ಆಡುವ ಹುಡುಗಿಯರಿಗೆ ಸ್ಕಾಲರ್‌ಶಿಪ್ ಕೊಟ್ಟು ಓದಿಸುತ್ತವೆ, ಅದಕ್ಕಾಗಿ ಇಲ್ಲಿಂದಲೂ ಆರಿಸಿಕೊಂಡು ಹೋಗುತ್ತವೆ. ಚಳಿಗಾಲದ ರಜೆಯಲ್ಲಿ ಅಲ್ಲಿನ ಕೋಚುಗಳು ಬ್ರಿಸ್ಬೇನ್‌ಗೆ ಬಂದು ಟ್ರಯಲ್ ನಡೆಸುತ್ತಾರೆ. ಇವಳು ಕಳಿಸಿದ ವಿಡಿಯೋಗೆ ಉತ್ತರವೇ ಬಂದಿಲ್ಲ. ಈ ಸಲ ತಪ್ಪಿದರೆ ಶಾಲೆ ಮುಗಿಯುತ್ತದೆ, ಶಾಲೆಯ ಜೊತೆಗೆ ಆಟವೂ ಮುಗಿಯುತ್ತದೆ. ಕ್ಲಬ್ಬಿನವರು ಮುಂದಿನ ವರ್ಷಕ್ಕೆ ಬೇರೆ ಎತ್ತರದ ಹುಡುಗಿಯನ್ನು ನೋಡಿಟ್ಟಿದ್ದಾರೆ.

ಮರುದಿನ ನನ್ನ ಯಾರ್ಡಿನ ಆಫೀಸಿನಲ್ಲಿ ಅವಳ ವಿಡಿಯೋ ನೋಡಿದೆ. ಎಲ್ಲವೂ ಹಾರಿ ಬಿದ್ದು ಚೆಂಡು ತಡೆದ ದೃಶ್ಯಗಳು, ಅದೂ ನಾಲ್ಕೋ ಐದೋ. ಹಿಂದೆ ಡಬಡಬ ಸಂಗೀತ. ನೋಡಿದರೆ ಏನೂ ಅನ್ನಿಸುವುದಿಲ್ಲ.

“ಇಡೀ ಮ್ಯಾಚಿನ ವಿಡಿಯೋ ಇದ್ಯಾ?” ಎಂದೆ.

“ಬೋರಿಂಗ್, ಆಂಟಿ. ನಾನು ಜಸ್ಟ್ ನಿಂತಿರ್ತೀನಿ.”

ಆ ಬೋರಿಂಗ್ ವಿಡಿಯೋವನ್ನೇ ಹಾಕಿಸಿದೆ. ಎದುರಿನವರು ಒದೆಯುವ ಮೊದಲೇ ಇವಳು ಎರಡು ಹೆಜ್ಜೆ ಸರಿದಿರುತ್ತಿದ್ದಳು. ಚೆಂಡು ನೇರವಾಗಿ ಎದೆಗೆ ಬರುತ್ತಿತ್ತು. ನೋಡುವವರಿಗೆ, ಅಯ್ಯೋ ಇವಳ ಕೈಗೇ ಒದ್ದರಲ್ಲ, ಅನ್ನಿಸಬೇಕು. ಆ ಕಡೆಯ ಗೋಲ್‌ಕೀಪರ್ ಸಲಸಲಕ್ಕೂ ಹಾರಿ ಬಿದ್ದು ಚಪ್ಪಾಳೆ ಗಿಟ್ಟಿಸುತ್ತಿದ್ದಳು, ಯಾಕೆಂದರೆ ಅವಳು ಇರಬೇಕಾದ ಜಾಗದಲ್ಲಿ ಇರುತ್ತಿರಲಿಲ್ಲ. ರಿಪೇರಿಗೆ ಹೋಗದ ಗಾಡಿಯ ಬಗ್ಗೆ ಯಾರು ಕತೆ ಹೇಳುತ್ತಾರೆ?

ಬ್ರಿಸ್ಬೇನಿನ ಟ್ರಯಲ್ ನಡೆಸುವ ಸಂಸ್ಥೆಯವನೊಬ್ಬ ಅಡಿಲೇಡಿನಲ್ಲಿದ್ದಾಗ ನನ್ನ ಹತ್ತಿರ ವ್ಯಾನು ತೆಗೆದುಕೊಂಡಿದ್ದ. ಗಿರಾಕಿಯ ನಂಬರನ್ನು ಎಂದೂ ಅಳಿಸಬೇಡಿ, ಇದು ನನ್ನ ಇನ್ನೊಂದು ಬುದ್ಧಿಮಾತು. ಫೋನು ಮಾಡಿದೆ. ಬರಲಿ ಬಿಡಿ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದ. ಆಸೆಯ ವಿಚಾರ ಆಮೇಲೆ ನೋಡೋಣ, ಮೊದಲು ಹೆಸರು ಬರಕೋ ಎಂದೆ.

ಅವಳ ತಾಯಿಗೆ ಇದು ಸರಿಬರಲಿಲ್ಲ.

“ಅಕ್ಕ, ಅವಳಿಗೆ ಸುಮ್ಮನೆ ಆಸೆ ಹುಟ್ಟಿಸ್ಬೇಡಿ ಮಾರಾಯ್ರೆ. ನರ್ಸಿಂಗಿಗೆ ಹೋಗ್ತೇನೆ ಅಂತ ಒಪ್ಪಿದ್ದಾಳೆ. ಬೇರೆ ಬೇರೆ ಕ್ಲಬ್ಬಿನವರು ನಾಲ್ಕು ಸಲ ಬೇಡ ಅಂತ ಕಳಿಸಿದ್ದಾರೆ. ಪ್ರತಿ ಸಲ ಕೋಣೆಯಲ್ಲಿ ಕೂತು ಅಳುವುದು ನೋಡ್ಲಿಕ್ಕೆ ಆಗುದಿಲ್ಲ ನನಗೆ.”

“ಐದನೇ ಸಲ ನಾನಿರ್ತೀನಲ್ಲ.”

“ನೀವು ಇದ್ರೆ ಅವಳು ಉದ್ದ ಆಗ್ತಾಳಾ?”

ಕೊನೆಗೆ, ಮಗಳು ಅಲ್ಲಿ ಒಬ್ಬಳೇ ಅಳಬಾರದೆಂದು ತಾಯಿಯೂ ರಜೆ ಹಾಕಿ ಹೊರಟರು.

ಚಳಿಗಾಲದ ರಜೆಯಲ್ಲಿ, ಬ್ರಿಸ್ಬೇನಿಗೆ ಹೋಗುವ ವಿಮಾನದಲ್ಲಿ ಹುಡುಗಿಗೆ ನನ್ನ ವ್ಯಾಪಾರದ ಪಾಠವನ್ನೆಲ್ಲ ಹೇಳಿದೆ. ನಿನ್ನ ಕೊರತೆಯನ್ನು ಅವರು ಹೇಳುವ ಮುಂಚೆ ನೀನೇ ಹೇಳಿಬಿಡು. ಬೇಡಬೇಡ, ತೋರಿಸು. ಅವರು ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರು, ಮೊದಲು ಮಾತಾಡಿದವರು ಸೋತರು. ಅವಳು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡೇ ತಲೆಯಾಡಿಸಿದಳು. ಏನು ಕೇಳಿಸಿಕೊಂಡಳೋ ಗೊತ್ತಾಗಲಿಲ್ಲ.

ಅಡಿಲೇಡಿನಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಹತ್ತಿದವರು ಬ್ರಿಸ್ಬೇನಿನಲ್ಲಿ ಇಳಿದು ಎರಡನ್ನೂ ತೆಗೆದೆವು. ಚಳಿಗಾಲವೆಂದು ಅಲ್ಲಿನವರು ಕರೆಯುವುದು ನಮ್ಮ ಮೈಸೂರಿನ ಡಿಸೆಂಬರಿನ ಮಧ್ಯಾಹ್ನವನ್ನು. ಮೈದಾನದಲ್ಲಿ ಆರು ಜನ ಗೋಲ್‌ಕೀಪರ್‌ಗಳು ಸಾಲಾಗಿ ನಿಂತಿದ್ದರು. ಐದು ಜನ ಕಂಬದ ಹಾಗಿದ್ದರು. ನಮ್ಮವಳು ಸಾಲಿನಲ್ಲಿ ಬಿದ್ದುಹೋದ ಹಲ್ಲಿನ ಹಾಗೆ ಕಾಣುತ್ತಿದ್ದಳು.

ಬೆಳಗಿನ ಪರೀಕ್ಷೆ ಹಾರಾಟದ್ದೇ. ಒಬ್ಬರಾದ ಮೇಲೆ ಒಬ್ಬರು ಒದೆಯುತ್ತಾರೆ, ಕೀಪರ್ ಹಾರುತ್ತಾಳೆ. ನಮ್ಮವಳ ಸರದಿಯಲ್ಲಿ ಬಂದ ಚೆಂಡುಗಳಲ್ಲಿ ಹೆಚ್ಚಿನವನ್ನು ನಿಂತೇ ಹಿಡಿದಳು. ಒಬ್ಬ ಕೋಚ್ ಆಕಳಿಸಿದ. ಕೆಂಪು ಟೋಪಿ ಹಾಕಿದ್ದ ಒಬ್ಬ ಕೋಚಮ್ಮ ಮಾತ್ರ ಗೋಲ್‌ಕೀಪರ್‌ಗಾಗಿಯೇ ಬಂದವರು ಎಂದು ನನ್ನ ವ್ಯಾನಿನ ಗಿರಾಕಿ ಹೇಳಿದ್ದ. ಆಕೆ ಆ ಹೊತ್ತಿಗೆ ಸರಿಯಾಗಿ ಫೋನು ನೋಡುತ್ತಿದ್ದರು.

ಊಟದ ಬಿಡುವಿನಲ್ಲಿ ನಾನು ನೇರವಾಗಿ ಆಕೆಯ ಬಳಿಗೆ ಹೋದೆ. ನನಗೆ ಬರುವ ಇಂಗ್ಲಿಷಿನಲ್ಲಿ, “ಆ ಕೊನೆಯ ಹುಡುಗಿ ಕುಳ್ಳಿ. ನೀವು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ,” ಎಂದೆ.

ಆಕೆ ನಕ್ಕು, “ಒಳ್ಳೆಯ ಹುಡುಗಿ. ಆದರೆ ಅವಳಿಗೆ ಇವತ್ತು ಹೆಚ್ಚು ಕೆಲಸವೇ ಬೀಳಲಿಲ್ಲ,” ಎಂದರು.

“ಎಲ್ಲರಿಗೂ ಚೆಂಡು ಒದ್ದದ್ದು ಅದೇ ಹುಡುಗಿಯರು. ಇವಳಿಗೆ ಮಾತ್ರ ಯಾಕೆ ಕೆಲಸ ಬೀಳಲಿಲ್ಲ?”

ಆಕೆ ಸ್ಯಾಂಡ್‌ವಿಚ್ ಕಚ್ಚುವುದನ್ನು ನಿಲ್ಲಿಸಿದರು. ಗಿರಾಕಿ ಕಾರಿನ ಬಾಗಿಲ ಹಿಡಿ ಮುಟ್ಟಿದ ಹಾಗೆ. ಆ ಗಳಿಗೆಯಲ್ಲಿ ಮಾತು ಬೆಳೆಸಬಾರದು, ಕೀಲಿ ಕೈಗೆ ಕೊಡಬೇಕು. ಹುಡುಗಿಯನ್ನು ಕರೆದು ದೂರ ನಿಲ್ಲಿಸಿ, ಒಂದು ಚೆಂಡು ಎತ್ತಿಕೊಂಡು ಥ್ರೋಬಾಲಿನ ಹಾಗೆ ಎಸೆದೆ. ಕಾಲೇಜಿನ ಭುಜ ಎಂದೋ ಹೋಗಿತ್ತು. ಚೆಂಡು ಅರ್ಧ ದಾರಿಯಲ್ಲೇ ಬಿದ್ದು ಉರುಳಿತು.

ಬುತ್ತಿಯ ಚೀಲ ಹಿಡಿದು ಬೇಲಿಯ ಹತ್ತಿರ ನಿಂತಿದ್ದ ತಾಯಿ ಚಪ್ಪಲಿ ಬಿಟ್ಟು ಬಂದರು.

“ಬಿಡಿ ಅಕ್ಕ. ಕೈ ಉಳುಕ್ತದೆ ನಿಮಗೆ.”

ಚೂಡಿದಾರದ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಎಸೆದರು. ಆ ಚೆಂಡು ಹೋದ ವೇಗ ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮಗಳು ಹಿಡಿದಳು, ಸದ್ದಿಲ್ಲ. ಹಿಡಿದದ್ದೇ ತಡ ವಾಪಸ್ ಬಂತು. ತಾಯಿ ಹಿಡಿದರು, ಅಲ್ಲಿಯೂ ಸದ್ದಿಲ್ಲ. ಇಬ್ಬರೂ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೋದರು. ಮೈದಾನದ ಅಗಲ ಮುಗಿಯಿತು, ಎಸೆತ ಮುಗಿಯಲಿಲ್ಲ. ಮಗಳ ಮುಖದಲ್ಲಿ ಬೆಳಗಿನಿಂದ ಇಲ್ಲದ ನಗು ಬಂದಿತ್ತು. ಕೋಚಮ್ಮ ಎದ್ದು ನಿಂತಿದ್ದರು.

“ಇವಳಿಗೆ ಕಲಿಸಿದ್ದು ಯಾರು?”

ತಾಯಿ ನಾಚಿಕೊಂಡು ಕನ್ನಡದಲ್ಲಿ ನನಗೆ ಹೇಳಿದರು: “ಮಸ್ಕತ್ತಲ್ಲಿ ಫ್ಲ್ಯಾಟಿನ ಕೆಳಗೆ ಕಾರು ನಿಲ್ಲಿಸ್ತಾರಲ್ಲ, ಅಲ್ಲಿ ಇವಳೂ ನಾನೂ ಥ್ರೋಬಾಲ್ ಆಡ್ತಿದ್ದೆವು. ಕಾರಿಗೆ ತಾಗಿದ್ರೆ ಬೈತಿದ್ರು. ಹಾಗಾಗಿ ಚೆಂಡು ಕೈಬಿಡ್ಲಿಕ್ಕೇ ಇರಲಿಲ್ಲ. ಊರಲ್ಲಿ ನಾನು ಜಿಲ್ಲೆಗೆ ಆಡಿದ್ದುಂಟು.”

“ಮತ್ತೆ ಇಷ್ಟು ವರ್ಷ ನಮ್ಮ ತಂಡಕ್ಕೆ ಯಾಕ್ರೀ ಬರ್ಲಿಲ್ಲ?”

“ನೀವು ನನ್ನನ್ನು ಪುಳಿಯೋಗರೆ ಬಡಿಸ್ಲಿಕ್ಕೆ ಹಾಕಿದ್ರಲ್ಲ.”

ಮಧ್ಯಾಹ್ನದ ಪಂದ್ಯಕ್ಕೆ ಕೋಚಮ್ಮ ತಾವೇ ಹೇಳಿ ನಮ್ಮವಳನ್ನು ಗೋಲಿನಲ್ಲಿ ನಿಲ್ಲಿಸಿದರು. ಫೋನು ಜೇಬಿಗೆ ಹೋಗಿತ್ತು. ಮೊದಲರ್ಧ ಏನೂ ಆಗಲಿಲ್ಲ. ಆಮೇಲೆ ಎದುರಿನವರಿಗೆ ಮೂಲೆಯಿಂದ ಒದೆಯುವ ಕಾರ್ನರ್ ಸಿಕ್ಕಿತು. ಎಲ್ಲ ಉದ್ದದ ಹುಡುಗಿಯರೂ ಗೋಲಿನ ಮುಂದೆ ಬಂದು ಗುಂಪುಗಟ್ಟಿದರು. ಚೆಂಡು ಮೇಲಕ್ಕೇರಿತು. ಆ ತಲೆಗಳ ನಡುವಿನಿಂದ ಎರಡು ಕೈಗಳು ಮಾತ್ರ ಎದ್ದು ಬಂದು ಅದನ್ನು ತೆಗೆದುಕೊಂಡವು. ಬೇರೆ ಯಾವ ಕೀಪರ್ ಆದರೂ ಚೆಂಡನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದು ಉಸಿರು ತೆಗೆದುಕೊಳ್ಳುತ್ತಾಳೆ. ಇವಳಿಗೆ ಆ ಅಭ್ಯಾಸವೇ ಇಲ್ಲ. ಚಿಕ್ಕಂದಿನಿಂದ ಮೂರು ಸೆಕೆಂಡಿನ ಲೆಕ್ಕದಲ್ಲಿ ಬೆಳೆದವಳು. ಕಾಲು ನೆಲಕ್ಕೆ ತಾಗಿತೋ ಇಲ್ಲವೋ, ಭುಜದ ಮೇಲಿಂದ ಎಸೆದೇಬಿಟ್ಟಳು. ಎದುರಿನ ತಂಡವೆಲ್ಲ ಇನ್ನೂ ನಮ್ಮ ಗೋಲಿನ ಮುಂದೆಯೇ ಇದೆ, ಚೆಂಡು ಮಧ್ಯದ ಗೆರೆ ದಾಟಿ ನಮ್ಮ ಹುಡುಗಿಯೊಬ್ಬಳ ಓಟದ ಮುಂದೆ ಬಿದ್ದಿದೆ. ಅವಳು ಒಬ್ಬಳೇ ಓಡಿಹೋಗಿ ಗೋಲು ಹೊಡೆದಳು. ನಾನು ಪಕ್ಕದಲ್ಲಿದ್ದ ತಾಯಿಯ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಆಮೇಲೆ ಅವರು ಅಲ್ಲಿ ಉಜ್ಜಿಕೊಳ್ಳುತ್ತಿದ್ದರು.

ಪಂದ್ಯ ಮುಗಿದ ಮೇಲೆ ಕೋಚಮ್ಮ ನಮ್ಮ ಬೆಂಚಿಗೇ ಬಂದರು. ಹುಡುಗಿ ತನಗೆ ಬೇಕು ಎಂದರು. ಉಳಿದದ್ದನ್ನು ಕಾಲೇಜು ಕಾಗದದಲ್ಲಿ ಖಚಿತಪಡಿಸುತ್ತದೆ, ತಾನು ಅರ್ಧ ಫೀಸಿನ ಸ್ಕಾಲರ್‌ಶಿಪ್ ಕೊಡಿಸಬಲ್ಲೆ ಎಂದರು.

ಅರ್ಧವೆಂದರೆ ಉಳಿದರ್ಧ ಕಟ್ಟಿ ವೆಲ್ಡರ್ ಮನೆಯಿಂದ ಹೋಗುವ ಹಾಗಿಲ್ಲ. ನಾನು ಬಾಯಿ ತೆರೆದೆ. ಆಗ ಹುಡುಗಿ ಮೆಲ್ಲಗೆ ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟಳು. ಕೋಚಮ್ಮನ ಮುಖವನ್ನೇ ನೋಡುತ್ತಾ ಸುಮ್ಮನೆ ಕೂತಳು. ಇಯರ್‌ಫೋನಿನೊಳಗಿಂದಲೂ ಎಲ್ಲ ಕೇಳಿಸಿಕೊಂಡಿದ್ದಳು. ಉದ್ದ ಕೊಕ್ಕಿನ ಐಬಿಸ್ ಹಕ್ಕಿಯೊಂದು ನಮ್ಮ ಬುತ್ತಿಯ ಚೀಲದ ಹತ್ತಿರ ಬಂದು ಇಣುಕಿತು. ಯಾರೂ ಓಡಿಸಲಿಲ್ಲ.

“ಪೂರ್ತಿ ಫೀಸಿಗೆ ಪ್ರಯತ್ನಿಸಬಹುದು,” ಎಂದರು ಕೋಚಮ್ಮ.

ಹುಡುಗಿ ಇನ್ನೂ ಸುಮ್ಮನಿದ್ದಳು.

“ಪೂರ್ತಿ ಕೊಡಿಸುತ್ತೇನೆ. ಹಾಸ್ಟೆಲ್ ವಿಚಾರ...” ಎಂದು ಆಕೆ ಯೋಚಿಸತೊಡಗಿದರು.

ಅಷ್ಟರಲ್ಲಿ ತಾಯಿ ಬಾಯಿಬಿಟ್ಟರು. “ಅಲ್ಲಿ ನರ್ಸಿಂಗ್ ಉಂಟಾ?”

ಇದೆ ಎಂದರು ಕೋಚಮ್ಮ.

“ಹಾಗಾದ್ರೆ ಹೋಗ್ಲಿ,” ಎಂದು ತಾಯಿ ಎದ್ದು ಅವರ ಕೈ ಕುಲುಕಿಯೇ ಬಿಟ್ಟರು. ಮಗಳು ತಾಯಿಯ ಭುಜಕ್ಕೆ ಮುಖವಿಟ್ಟು ಅತ್ತಳು. ಆ ಅಳುವಿಗೆ ತಾಯಿ ಹೆದರಲಿಲ್ಲ.

ಕಾಲೇಜಿನ ಕಾಗದ ಬಂತು, ಪೂರ್ತಿ ಫೀಸಿಗೇ ಬಂತು. ಹಾಸ್ಟೆಲ್ ಖರ್ಚಿಗೆ ಮನೆಯವರು ಹೇಗೋ ಹೊಂದಿಸಿಕೊಂಡರು. ಈಗ ಹುಡುಗಿ ಅಲ್ಲಿದ್ದಾಳೆ, ಆಡುತ್ತಿದ್ದಾಳೆ. ಆದರೆ ಆವತ್ತು ಅಡಿಲೇಡಿಗೆ ಮರಳುವ ವಿಮಾನದಲ್ಲಿ ನನಗೆ ಸಮಾಧಾನವಿರಲಿಲ್ಲ.

“ಇನ್ನೊಂಚೂರು ಸುಮ್ನಿದ್ದಿದ್ರೆ ಹಾಸ್ಟೆಲ್ಲೂ ಬರ್ತಿತ್ತಲ್ರೀ,” ಎಂದೆ ತಾಯಿಗೆ. “ಗಂಟಲವರೆಗೆ ಬಂದಿತ್ತು ಆಕೆಗೆ.”

ನಿದ್ದೆಹೋಗಿದ್ದ ಮಗಳ ಮೇಲೆ ನನ್ನ ಸ್ವೆಟರ್ ಹೊದಿಸುತ್ತಾ ಅವರು ಹೇಳಿದರು: “ಮೂರು ಸೆಕೆಂಡಿಗಿಂತ ಹೆಚ್ಚು ಹಿಡ್ಕೊಂಡ್ರೆ ಫೌಲ್ ಅಲ್ವಾ ಅಕ್ಕ? ನೀವೇ ಕ್ಯಾಪ್ಟನ್.”