ಜೆರಿಕೋದ ದಿಬ್ಬಕ್ಕೆ ಒಂದು ಚೂರು ಬೆಲ್ಲ

ಭೋಂ... ಎಂದು ಶುರುವಾಗಿ, ಹೊಳೆಯ ಎರಡೂ ದಂಡೆ ಸುತ್ತಾಡಿ, ಅಡುಗೆಮನೆಯ ಹಿತ್ತಾಳೆ ತಟ್ಟೆಗಳನ್ನು ನಡುಗಿಸಿ ನಿಲ್ಲುತ್ತಿತ್ತು ಗೋಕಾಕ ಫಾಲ್ಸ್ ಗಿರಣಿಯ ಭೋಂಗಾ. ಗಡಿಯಾರವಿಲ್ಲದ ಮನೆಗಳಿಗೆಲ್ಲ ಅದೇ ಟೈಮು. ನನಗೆ ಮಾತ್ರ ಅದು ಜೆರಿಕೋ!

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಬೈಬಲ್ ಕಥೆ ಹೇಳಿದ್ದರು. ಯೆಹೋಶುವನ ಜನ ಏಳು ದಿನ ಊರು ಸುತ್ತಿ, ಕೊಂಬೂದಿ, ಕೂಗು ಹಾಕಿದ್ದೇ ತಡ, ಜೆರಿಕೋದ ಕೋಟೆ ಧಡಾರನೆ ಬಿತ್ತು. ರಜೆಗೆ ಬಂದವಳೇ ಗಿರಣಿಯಲ್ಲಿ ಕೆಲಸಕ್ಕಿದ್ದ ಕಾಕಾನಿಗೆ ಇದನ್ನು ಒಪ್ಪಿಸಿದೆ.

"ನಮ್ಮ ಭೋಂಗಾ ದಿನಾ ಊದತೈತಿ. ಗಿರಣಿದು ಒಂದ ಕಲ್ಲರ ಅಲುಗೇತೇನ, ಮೇಮ್‌ಸಾಬ?" ಎಂದು ನಕ್ಕ.

ಅದೇ ಕಾಕಾ ಎರಡನೇ ಮಹಾಯುದ್ಧದಲ್ಲಿ ಪಲ್ಟನ್ ಸೇರಿ ಪ್ಯಾಲೆಸ್ಟೈನಿಗೆ ಹೋದ. ಲೀವ್ ಸಿಕ್ಕ ದಿನ ಜೆರಿಕೋಗೇ ಹೋಗಿ ಬಂದ. ಯುದ್ಧ ಮುಗಿಸಿ ಕೊಣ್ಣೂರಿನ ಮನೆಗೆ ಮರಳಿದಾಗ (ಬೇರೆಯವರೆಲ್ಲ ರಿಸ್ಟ್ ವಾಚು, ಸೆಂಟಿನ ಬಾಟಲಿ ತಂದಿದ್ದರು) ಟ್ರಂಕಿನಿಂದ ನನಗಾಗಿ ತೆಗೆದದ್ದೇನು? ಅಂಗೈಯಗಲದ ಮಣ್ಣಿನ ಗಡಿಗೆಯ ಚೂರು.

"ಮತ್ತ ಕ್ವಾಟಿ, ಕಾಕಾ?"

"ಎಲ್ಲೀ ಕ್ವಾಟಿ? ಒಂದು ಮಣ್ಣಿನ ದಿಬ್ಬ ಐತಿ. ಊರ ಮ್ಯಾಲ ಊರು ಕಟ್ಟಿ ಕಟ್ಟಿ ದಿಬ್ಬ ಆಗೇತಿ. ಇಂಥಾ ಚೂರು ಕಾಲಾಗ ಬಿದ್ದಿದ್ದು."

ಆಯಿ, ಅಂದರೆ ಅಪ್ಪನ ತಾಯಿ, ಚೂರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೊರಮೈಗೆ ಮಸಿ ಇನ್ನೂ ಹಾಗೇ ಇತ್ತು. ಅವಳ ಮುಖ ಬಿಗಿಯಿತು.

"ಇದು ಯಾರೋ ಒಬ್ಬಾಕಿ ಅಡಗಿ ಮಾಡಿದ ಗಡಗಿ. ಕೇಳದ ತಂದೀಯಲ್ಲೋ! ಹೋಗಿ ಕೊಟ್ಟ ಬಾ."

"ಯವ್ವಾ, ಆಕಿ ಸತ್ತು ಸಾವಿರಾರು ವರ್ಷ ಆತು!"

"ಆಗಲಿ. ಮಂದಿ ಭಾಂಡೆ ನಮಗ ಬ್ಯಾಡ. ಕೊಡೂಮುಂದ ಖಾಲಿ ಕೊಡಬ್ಯಾಡ ಮತ್ತ!"

(ನಮ್ಮ ಕಡೆ ಗೊತ್ತಲ್ಲ? ನೆರೆಮನೆಯ ಬಟ್ಟಲನ್ನು ಖಾಲಿ ಹಿಂತಿರುಗಿಸುವುದೆಂದರೆ ಮನೆತನದ ಮರ್ಯಾದೆ ಹೋದಂತೆ. ಏನಿಲ್ಲದಿದ್ದರೆ ಚೂರು ಬೆಲ್ಲವಾದರೂ ಇರಬೇಕು.) ಚೂರಿಗೆ ಮನೆಯೊಳಗೆ ಜಾಗ ಸಿಗಲಿಲ್ಲ, ಹಿತ್ತಲ ಗೂಡು ಸೇರಿತು. "ಎಂದ ಹೋಗಾಂವ?" ಎಂದು ಆಯಿ ದಿನಾ ಕೇಳಿದಳು. ಪಾಪ, ಕಾಕಾ ಎಲ್ಲಿ ಹೋದಾನು?

ಅರವತ್ತು ವರ್ಷದ ಮೇಲೆ, ಹೋದ ತಿಂಗಳು, ನಾನು ಹೋದೆ! ಮೊಮ್ಮಗಳ ಜೊತೆ ಟೂರು, ಮೊಣಕಾಲೆರಡೂ ಹೊಸವು, ಪರ್ಸಿನಲ್ಲಿ ಆ ಚೂರು, ಜೊತೆಗೆ ಕುಲಗೋಡದ ಬೆಲ್ಲ. "ಓಲ್ಡೆಸ್ಟ್ ಸಿಟಿ ಇನ್ ದ ವರ್ಲ್ಡ್" ಎಂದು ಗೈಡ್ ಕೊಚ್ಚಿಕೊಳ್ಳುತ್ತಿದ್ದ. ನೋಡಿದರೆ ಕಾಕಾ ಹೇಳಿದ್ದೇ ಸರಿ. ದಿಬ್ಬ ಅಂದರೆ ದಿಬ್ಬ.

ಎಲ್ಲರನ್ನೂ ಮುಂದೆ ಬಿಟ್ಟು, ಬಾಗಿ ಚೂರಿಟ್ಟೆ. ಅದರ ಮೇಲೆ ಬೆಲ್ಲ ಇಡುವಷ್ಟರಲ್ಲಿ ಶಿಳ್ಳೆ! ಕಾವಲುಗಾರ ಓಡಿ ಬಂದ.

"ನೋ ಟೇಕಿಂಗ್, ಮೇಡಂ!"

"ಐ ಆಮ್ ನಾಟ್ ಟೇಕಿಂಗ್, ಯಂಗ್ ಮ್ಯಾನ್. ಐ ಆಮ್ ರಿಟರ್ನಿಂಗ್!"

ಸಿಸ್ಟರ್ ಕಲಿಸಿದ ಇಂಗ್ಲಿಷ್ ಎಲ್ಲಿ ಕೆಲಸಕ್ಕೆ ಬಂತು ನೋಡಿ! ಬೆಲ್ಲ ತೋರಿಸಿ ಆಯಿಯ ಕಾಯಿದೆ ವಿವರಿಸಿದೆ. ಅವನ ಹುಬ್ಬು ಇಳಿಯಿತು, ಮೀಸೆ ಅರಳಿತು. ಅವನ ಅಜ್ಜಿಯೂ ನೆರೆಯವರ ತಟ್ಟೆಯನ್ನು ಎಂದೂ ಖಾಲಿ ಕಳಿಸಿದವಳಲ್ಲವಂತೆ! ಬೆಲ್ಲ ಮುರಿದು ಅರ್ಧ ತನ್ನ ಬಾಯಿಗೆ, ಅರ್ಧ ನನ್ನ ಕೈಗೆ. ಚೂರನ್ನು ಎರಡೂ ಅಂಗೈಯಲ್ಲಿ ಹಿಡಿದು ತಮ್ಮ ಆಫೀಸಿಗೆ ಒಯ್ದ. ಗಡಿಗೆ ಅಂತೂ ಮನೆ ಮುಟ್ಟಿತು. ಆಯಿ, ಕೇಳಿಸಿತೇ?

ಅರವತ್ತು ವರ್ಷದ ಹಿಂದೆ ಆ ಚೂರು ನನ್ನ ಕೈ ಸೇರಿದ್ದು ಗೋಕಾಕ ರೋಡ್ ಸ್ಟೇಷನ್ನಿನಲ್ಲಿ. ರಜೆ ಮುಗಿದು ಬೆಳಗಾವಿ ರೈಲು ಹತ್ತಿದ್ದೆ. ಕಿಟಕಿಯಿಂದ ಕಾಕಾ ಒಂದು ಕರವಸ್ತ್ರದ ಗಂಟು ತುರುಕಿದ.

"ಇಂಗ್ಲಿಷ್ ಕಲತಾಕಿ ನೀನು, ಎಂದರ ಒಂದಿನ ಹೋಗ್ತಿ. ಯವ್ವನ ಮಾತು ನೀನ ನಡಸವ್ವಾ."

ಗಂಟಿನಲ್ಲಿ ಚೂರಿತ್ತು. ಖಾಲಿ ಅಲ್ಲ, ಮೇಲೊಂದು ಉಂಡೆ ಬೆಲ್ಲ. ರೈಲು ಕದಲಿದಾಗ ಕಾಕಾ ಎರಡೂ ಕೈ ಬಾಯಿಗೆ ಹಿಡಿದು ಭೋಂ... ಎಂದು ಊದಿದ. ಪ್ಲಾಟ್‌ಫಾರ್ಮಿಗೆ ಪ್ಲಾಟ್‌ಫಾರ್ಮೇ ನಕ್ಕಿತು. ನಾನು ಅವನನ್ನು ನೋಡಿದ್ದು ಅದೇ ಕೊನೆ. ಮುಂದಿನ ರಜೆಯೊಳಗೆ ಜ್ವರ ಅವನನ್ನು ಒಯ್ದಿತ್ತು.

ಆ ಬೆಲ್ಲವೇ? ಪಾಶ್ಚಾಪುರ ಸ್ಟೇಷನ್ ಬರುವ ಮೊದಲೇ ತಿಂದು ಮುಗಿಸಿದ್ದೆ. ಆಯಿಗೆ ನೀವು ಯಾರೂ ಹೇಳುವುದಿಲ್ಲ ತಾನೇ?